ಹಂಗಾಮಿಗೆ ಮುನ್ನ ಟ್ರೇಲರ್ ಗಾಲಿಯ ಬೇರಿಂಗ್: ಬಿಚ್ಚಿ ನೋಡುವ ಕ್ರಮ, ದಾರಿಯಲ್ಲಿ ಕೆಟ್ಟು ನಿಂತರೆ ಬೇಕಾಗುವ ಸಿದ್ಧತೆ

ಉತ್ತರ ಕರ್ನಾಟಕದಲ್ಲಿ ಕಬ್ಬು ನುರಿಸುವ ಹಂಗಾಮು ಸಾಮಾನ್ಯವಾಗಿ ಅಕ್ಟೋಬರ್ ಕೊನೆಗೋ ನವೆಂಬರ್ ಮೊದಲಿಗೋ ಶುರುವಾಗುತ್ತದೆ. ಮಂಡ್ಯದ ಕಡೆ ಮಳೆಗಾಲದಲ್ಲೇ ಕಾರ್ಖಾನೆಯ ಬಾಯ್ಲರ್‌ಗೆ ಬೆಂಕಿ ಬೀಳುವುದುಂಟು. ಅಲ್ಲಿಂದ ಮುಂದೆ ಹಲವು ತಿಂಗಳು ಟ್ರ್ಯಾಕ್ಟರಿಗೂ ಬಿಡುವಿಲ್ಲ, ಟ್ರೇಲರಿಗೂ ಬಿಡುವಿಲ್ಲ. ಎಂಜಿನ್ ಆಯಿಲ್, ಫಿಲ್ಟರ್, ಕ್ಲಚ್, ಬ್ಯಾಟರಿ ಎಂದು ಟ್ರ್ಯಾಕ್ಟರನ್ನು ಎಲ್ಲರೂ ಹಂಗಾಮಿಗೆ ಮುನ್ನ ತೋರಿಸಿಕೊಂಡು ಬರುತ್ತಾರೆ. ಅದರ ಬೆನ್ನಿಗೆ ಟನ್ನುಗಟ್ಟಲೆ ಹೊರೆ ಹೊತ್ತು ಬರುವ ಟ್ರೇಲರಿನ ಗಾಲಿಯನ್ನು ಬಿಚ್ಚಿ ಒಳಗೆ ಏನಾಗಿದೆ ಎಂದು ನೋಡುವವರು ಮಾತ್ರ ಕಡಿಮೆ. ಟೈರಿನಲ್ಲಿ ಗಾಳಿ ಇದ್ದರೆ ಸಾಕು, ಗಾಡಿ ಸರಿ ಇದೆ ಎಂಬ ಲೆಕ್ಕ.

ಆದರೆ ಗಾಲಿಯೇ ಕಳಚಿ ರಸ್ತೆಗೆ ಉರುಳಿದ ಅಥವಾ ಅಚ್ಚು ಮುರಿದು ಕಬ್ಬಿನ ಹೊರೆ ನಡುರಸ್ತೆಯಲ್ಲಿ ವಾಲಿಕೊಂಡ ಬಹಳಷ್ಟು ಪ್ರಸಂಗಗಳಲ್ಲಿ ತಪ್ಪು ಟೈರಿನದ್ದಾಗಿರುವುದಿಲ್ಲ, ಗಾಲಿಯ ನಡುಭಾಗವಾದ ಹಬ್ಬಿನೊಳಗಿನ ಬೇರಿಂಗಿನದ್ದಾಗಿರುತ್ತದೆ. ಬೇರಿಂಗ್ ಸುಮ್ಮನೆ ವಯಸ್ಸಾಗಿ ಸಾಯುವುದು ಅಪರೂಪ. ಸವೆದ ಸೀಲಿನ (ಹಬ್ಬಿನ ಬಾಯಿ ಮುಚ್ಚುವ ಬಳೆಯ) ಮೂಲಕ ನೀರು ಮತ್ತು ಮಣ್ಣು ಒಳಹೊಕ್ಕು ಸಾಯುತ್ತದೆ, ನಟ್ಟನ್ನು ಅತಿ ಬಿಗಿಯಾಗಿಯೋ ಅತಿ ಸಡಿಲವಾಗಿಯೋ ಕೂರಿಸಿದ್ದರಿಂದ ಸಾಯುತ್ತದೆ, ಇಲ್ಲವೇ ಹೊರಲಾರದ ಹೊರೆಯಿಂದ ಸಾಯುತ್ತದೆ. ಈ ಮೂರೂ ನಮ್ಮ ಕೈಯಲ್ಲಿರುವ ಸಂಗತಿಗಳು. ಎರಡು ಗಾಲಿಯ ಟ್ರೇಲರಿಗೆ ಒಂದು ಮಧ್ಯಾಹ್ನ, ನಾಲ್ಕು ಗಾಲಿಯದ್ದಕ್ಕೆ ಒಂದು ದಿನ ಕೊಟ್ಟರೆ ಹಂಗಾಮಿನ ಮಧ್ಯೆ ರಸ್ತೆಬದಿಯಲ್ಲಿ ಕಳೆಯುವ ರಾತ್ರಿಗಳನ್ನು ತಪ್ಪಿಸಬಹುದು.

ಹಬ್ಬಿನೊಳಗೆ ಇರುವುದೇನು

ಪ್ರತಿ ಗಾಲಿಯ ಹಬ್ಬಿನಲ್ಲಿ ಎರಡು ಟೇಪರ್ ರೋಲರ್ ಬೇರಿಂಗ್‌ಗಳಿರುತ್ತವೆ. ಒಳಬದಿಯದು, ಅಂದರೆ ಟ್ರೇಲರಿನ ಮಧ್ಯದ ಕಡೆಗಿರುವುದು ದೊಡ್ಡದು, ಹೊರಬದಿಯದು ಚಿಕ್ಕದು. ಒಂದೊಂದು ಬೇರಿಂಗಿಗೂ ಎರಡು ಭಾಗ. ಹಬ್ಬಿನೊಳಗೆ ಬಿಗಿಯಾಗಿ ಕೂತಿರುವ ಉಕ್ಕಿನ ಬಳೆಗೆ ಕಪ್ ಎನ್ನುತ್ತಾರೆ, ಅಚ್ಚಿನ ತುದಿಯ ಮೇಲೆ ಕೂರುವ, ರೋಲರ್‌ಗಳ ಸಮೇತ ಕೈಗೆ ಬರುವ ಭಾಗಕ್ಕೆ ಕೋನ್ ಎನ್ನುತ್ತಾರೆ. ಒಳಬದಿಯ ಬೇರಿಂಗಿನ ಹಿಂದೆ ಗ್ರೀಸ್ ಸೀಲ್ ಇರುತ್ತದೆ. ಹೊರಬದಿಯ ಬೇರಿಂಗಿನ ಮುಂದೆ ವಾಷರ್, ಅದರ ಮೇಲೆ ಕಿರೀಟದಂತೆ ಸೀಳುಗಳಿರುವ ನಟ್ಟು, ಆ ನಟ್ಟು ತಿರುಗದಂತೆ ತಡೆಯುವ ಸ್ಪ್ಲಿಟ್ ಪಿನ್, ಎಲ್ಲದರ ಮೇಲೆ ಧೂಳು ತಡೆಯುವ ಮುಚ್ಚಳ.

ರೋಲರ್‌ಗಳು ಓರೆಯಾಗಿ ಕೂತಿರುವುದಕ್ಕೆ ಕಾರಣವಿದೆ. ಗಾಡಿ ತಿರುವಿನಲ್ಲಿ ತಿರುಗುವಾಗ ಗಾಲಿಯ ಮೇಲೆ ಮೇಲಿನ ಭಾರದ ಜೊತೆಗೆ ಪಕ್ಕದ ಒತ್ತಡವೂ ಬೀಳುತ್ತದೆ, ನೇರ ರೋಲರ್ ಅದನ್ನು ತಾಳುವುದಿಲ್ಲ. ಅಮೆರಿಕದಲ್ಲಿ ಸಾರೋಟು ತಯಾರಿಸುತ್ತಿದ್ದ ಹೆನ್ರಿ ಟಿಮ್ಕೆನ್ 1898ರಲ್ಲಿ ಈ ಬಗೆಯ ಬೇರಿಂಗಿಗೆ ಪೇಟೆಂಟ್ ಪಡೆದದ್ದು ಬಂಡಿಯ ಅಚ್ಚುಗಳಿಗಾಗಿಯೇ. ಹಾಗಾಗಿ ಟ್ರೇಲರಿನ ಗಾಲಿಯಲ್ಲಿ ಅದು ತನ್ನ ಹುಟ್ಟಿದ ಕೆಲಸವನ್ನೇ ಮಾಡುತ್ತಿದೆ ಎನ್ನಬಹುದು.

ಹೊರೆಯ ಬಗ್ಗೆ ಒಂದು ಲೆಕ್ಕವನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಯಾವ ಆರೈಕೆಯೂ ಇದನ್ನು ಮೀರಲಾರದು. ರೋಲರ್ ಬೇರಿಂಗಿನ ಆಯುಷ್ಯ ಹೊರೆ ಏರಿದಷ್ಟೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಅದಕ್ಕಿಂತ ಬಹಳ ವೇಗವಾಗಿ ಇಳಿಯುತ್ತದೆ. ಎಂಜಿನಿಯರುಗಳು ಬಳಸುವ ಸೂತ್ರದ ಪ್ರಕಾರ ಹೊರೆ ಒಂದೂವರೆ ಪಟ್ಟಾದರೆ ಆಯುಷ್ಯ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಎರಡು ಪಟ್ಟಾದರೆ ಹತ್ತರಲ್ಲಿ ಒಂದು ಭಾಗ ಮಾತ್ರ ಉಳಿಯುತ್ತದೆ. ಒಂದು ಟ್ರಿಪ್ಪು ಉಳಿಸಲು ಮೇಲೆ ಮೇಲೆ ಕಬ್ಬು ಪೇರಿಸುವವರು ಈ ಲೆಕ್ಕವನ್ನು ಎದುರಿಗಿಟ್ಟುಕೊಂಡು ಯೋಚಿಸಬೇಕು. ಹೊರೆ ಒಂದೇ ಮಗ್ಗುಲಿಗೆ ವಾಲಿದ್ದರೆ ಆ ಮಗ್ಗುಲಿನ ಗಾಲಿಗೆ ಬೀಳುವ ಭಾರ ಇನ್ನೂ ಹೆಚ್ಚು.

ಯಾವಾಗ ಬಿಚ್ಚಬೇಕು

ಹಂಗಾಮಿಗೆ ಮುನ್ನ ಒಮ್ಮೆ ಕಡ್ಡಾಯ. ಹಂಗಾಮಿನ ನಡುವೆ, ಸಂಕ್ರಾಂತಿಯ ಆಸುಪಾಸು, ಮುಚ್ಚಳ ತೆಗೆದು ಗ್ರೀಸಿನ ಬಣ್ಣವನ್ನೂ ಗಾಲಿಯ ಆಟವನ್ನೂ (ಅಲುಗಾಟವನ್ನೂ) ಒಮ್ಮೆ ನೋಡಬೇಕು. ಇವಲ್ಲದೆ ಹಬ್ ಮುಳುಗುವಷ್ಟು ನೀರಿನಲ್ಲಿ ಟ್ರೇಲರ್ ಇಳಿದಿದ್ದರೆ, ಅದು ಹಳ್ಳವಾಗಲಿ ಕಾಲುವೆಯಾಗಲಿ ನೀರು ನಿಂತ ಗದ್ದೆಯಾಗಲಿ, ಆ ವಾರವೇ ಬಿಚ್ಚುವುದು ಒಳ್ಳೆಯದು. ದೂರದಿಂದ ಓಡಿಬಂದ ಹಬ್ ಬಿಸಿಯಾಗಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ತಣ್ಣೀರಿಗೆ ಇಳಿದ ಕೂಡಲೇ ಆ ಗಾಳಿ ಕುಗ್ಗಿ, ಸೀಲಿನ ಅಂಚಿನಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ಆಯುಧ ಪೂಜೆಯ ತೊಳೆಯುವಿಕೆಯ ಬಗ್ಗೆಯೂ ಇದೇ ಎಚ್ಚರ ಬೇಕು. ಹಬ್ಬದ ಹಿಂದಿನ ದಿನ ಟ್ರೇಲರನ್ನು ವಾಟರ್ ಸರ್ವಿಸ್‌ಗೆ ಕೊಂಡೊಯ್ದು, ಹಬ್ಬಿನ ಹಿಂಭಾಗಕ್ಕೆ ಹತ್ತಿರದಿಂದ ನೀರಿನ ರಭಸ ಹಾಯಿಸಿದರೆ ಹೊರಗಿನ ಕೆಸರು ಹೋಗುತ್ತದೆ, ಆದರೆ ಸೀಲಿನ ತುಟಿ ಸರಿದು ನೀರು ಒಳಗೆ ಸೇರುತ್ತದೆ. ಮೇಲೆ ಬಣ್ಣ, ಕುಂಕುಮ, ಬಾಳೆಕಂದು. ಒಳಗೆ ಕಪ್ಪಿನ ಮೇಲೆ ತುಕ್ಕು. ಆದ್ದರಿಂದ ಮೊದಲು ತೊಳೆಸಿ, ಆಮೇಲೆ ಹಬ್ ಬಿಚ್ಚಿ ಹೊಸ ಗ್ರೀಸ್ ತುಂಬುವ ಕ್ರಮವನ್ನು ಇಟ್ಟುಕೊಳ್ಳಿ. ಹಬ್ಬದ ನಂತರ ಹಂಗಾಮು ಶುರುವಾಗುವವರೆಗೆ ಸಿಗುವ ದಿನಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ.

ಹಬ್ಬಿಗೆ ಗ್ರೀಸ್ ನಿಪ್ಪಲ್ ಇದ್ದರೆ ಗನ್ನಿನಿಂದ ನಾಲ್ಕು ಪಂಪು ಹೊಡೆದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಸಾಕಾಗುವುದಿಲ್ಲ. ಆ ಗ್ರೀಸ್ ಹಬ್ಬಿನ ನಡುವಿನ ಖಾಲಿ ಜಾಗದಲ್ಲಿ ಉಳಿಯುತ್ತದೆಯೇ ಹೊರತು ರೋಲರ್‌ಗಳ ಸಂದಿನಲ್ಲಿರುವ ಹಳೆಯ ಗ್ರೀಸನ್ನೂ ಮಣ್ಣನ್ನೂ ಹೊರದೂಡುವುದಿಲ್ಲ. ಜಾಸ್ತಿ ಪಂಪು ಹೊಡೆದರೆ ಸೀಲೇ ಕಿತ್ತು ಬರಬಹುದು.

ಎತ್ತುವುದು, ಅಲುಗಾಡಿಸುವುದು, ಬಿಚ್ಚುವುದು

ಖಾಲಿ ಟ್ರೇಲರನ್ನು ಗಟ್ಟಿಯಾದ ಸಮತಟ್ಟು ನೆಲದ ಮೇಲೆ ನಿಲ್ಲಿಸಿ, ಟ್ರ್ಯಾಕ್ಟರಿನಿಂದ ಕೊಂಡಿ ಬಿಚ್ಚದೆ, ಟ್ರ್ಯಾಕ್ಟರಿನ ಹ್ಯಾಂಡ್ ಬ್ರೇಕ್ ಹಾಕಿ, ಎತ್ತದ ಗಾಲಿಗಳ ಮುಂದೆಯೂ ಹಿಂದೆಯೂ ಉರುಳದಂತೆ ತಡೆಯುವ ಕಟ್ಟಿಗೆಯ ತುಂಡುಗಳನ್ನು (ಗುಂಡಿಗಳನ್ನು) ಕೊಡಬೇಕು. ಜಾಕನ್ನು ಅಚ್ಚಿನ ಕೆಳಗೆ, ಕಟ್ಟುಪಟ್ಟಿಯ (ಸ್ಪ್ರಿಂಗ್ ಪಟ್ಟಿಯ) ಹತ್ತಿರ ಇಟ್ಟು ಎತ್ತಿ, ಎತ್ತಿದ ಕೂಡಲೇ ಅಚ್ಚಿನ ಕೆಳಗೆ ಗಟ್ಟಿ ಮರದ ದಿಮ್ಮಿಯನ್ನೋ ಕಬ್ಬಿಣದ ಸ್ಟ್ಯಾಂಡನ್ನೋ ಕೊಡಿ. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಕೈ ಹಾಕಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕು, ಒಂದರ ಮೇಲೊಂದು ಪೇರಿಸಿದ ಸೈಜುಗಲ್ಲು ಯಾವುದೂ ಆಗದು. ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ.

ಬಿಚ್ಚುವ ಮೊದಲು ಗಾಲಿಯನ್ನು ಕೈಯಿಂದ ತಿರುಗಿಸಿ ಕೇಳಿ. ಒಂದು ಕೈಯನ್ನು ಅಚ್ಚಿನ ಮೇಲೆ, ಹಬ್ಬಿಗೆ ಹತ್ತಿರವಾಗಿ ಇಟ್ಟರೆ ಕಿವಿಗೆ ಕೇಳದ ಗರಗರವೂ ಬೆರಳಿಗೆ ತಿಳಿಯುತ್ತದೆ. ನಂತರ ಟೈರಿನ ಮೇಲ್ತುದಿಯನ್ನೂ ಕೆಳತುದಿಯನ್ನೂ ಹಿಡಿದು, ಒಂದನ್ನು ಎಳೆದು ಇನ್ನೊಂದನ್ನು ತಳ್ಳಿ. ಇದ್ದೂ ಇಲ್ಲದಷ್ಟು ಆಟ ಇರಬೇಕಾದದ್ದೇ. ಟಕ್ ಟಕ್ ಎಂದು ಕೇಳುವಷ್ಟು ಆಟವಿದ್ದರೆ ನಟ್ಟು ಸಡಿಲಾಗಿದೆ ಅಥವಾ ಬೇರಿಂಗ್ ಸವೆದಿದೆ. ನಾಲ್ಕು ಗಾಲಿಯ ಟ್ರೇಲರಿನ ಮುಂದಿನ ಅಚ್ಚು ತಿರುಗುವ ಚಕ್ರದ ಮೇಲೆ ಕೂತಿರುವುದರಿಂದ ಅಲ್ಲಿಯ ಸಡಿಲವೂ ಗಾಲಿಯ ಆಟದಂತೆಯೇ ಕಾಣುತ್ತದೆ. ಇನ್ನೊಬ್ಬರು ಹಬ್ ಮತ್ತು ಅಚ್ಚಿನ ನಡುವಿನ ಸಂದನ್ನು ನೋಡುತ್ತಿದ್ದರೆ ಗೊಂದಲವಿರುವುದಿಲ್ಲ.

9.00-16 ಅಥವಾ ಅದಕ್ಕಿಂತ ದೊಡ್ಡ ಟೈರಿನ ಗಾಲಿಯನ್ನು ಹಬ್ಬಿನ ಸಮೇತ ಎಳೆಯಲು ಹೋಗಬೇಡಿ. ಮೊದಲು ವೀಲ್ ನಟ್ಟು ಬಿಚ್ಚಿ ಗಾಲಿಯನ್ನು ತೆಗೆದಿಟ್ಟು, ಆಮೇಲೆ ಹಬ್ಬಿಗೆ ಕೈ ಹಾಕಿ. ಮುಚ್ಚಳ ತೆಗೆದು, ಸ್ಪ್ಲಿಟ್ ಪಿನ್ನನ್ನು ನೇರ ಮಾಡಿ ಎಳೆದು, ನಟ್ಟು ಬಿಚ್ಚಿ. ಕೆಲವು ಅಚ್ಚುಗಳಲ್ಲಿ ಒಂದು ಬದಿಗೆ ಎಡಮರೆಯ ಚೂಡಿ (ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ತಿರುಪು) ಇರುವುದರಿಂದ ಬಲ ಹಾಕುವ ಮೊದಲು ಚೂಡಿಯ ದಿಕ್ಕನ್ನು ಕಣ್ಣಿನಿಂದ ಖಚಿತಪಡಿಸಿಕೊಳ್ಳಿ. ಹಬ್ಬನ್ನು ಸ್ವಲ್ಪ ಮುಂದಕ್ಕೆಳೆದು ಹಿಂದಕ್ಕೆ ತಳ್ಳಿದರೆ ಹೊರಗಿನ ಕೋನ್ ತಾನಾಗಿ ಕೈಗೆ ಬರುತ್ತದೆ. ಹಬ್ಬನ್ನು ಪೂರ್ತಿ ಕಳಚಿ, ಹಿಂದಿನ ಸೀಲನ್ನು ಮೀಟಿ ತೆಗೆದರೆ ಒಳಗಿನ ಕೋನ್ ಸಿಗುತ್ತದೆ. ತೆಗೆದ ಸೀಲನ್ನು ಮತ್ತೆ ಹಾಕಬಾರದು. ಇಡೀ ಹಬ್ಬಿನಲ್ಲಿ ಅತಿ ಅಗ್ಗದ ಭಾಗ ಅದು, ಅದನ್ನು ಉಳಿಸಲು ಹೋಗಿಯೇ ಹೆಚ್ಚಿನ ಬೇರಿಂಗ್‌ಗಳು ಹಾಳಾಗುತ್ತವೆ. ಯಾವ ಗಾಲಿಯ ಕೋನ್ ಯಾವ ಕಪ್ಪಿನದ್ದು ಎಂಬುದು ಅದಲು ಬದಲಾಗದಂತೆ ಬೇರೆ ಬೇರೆ ಡಬ್ಬಿಗಳಲ್ಲಿ ಇಡಿ.

ಬೇರಿಂಗನ್ನು ಬೆಳಕಿನಲ್ಲಿ ನೋಡುವುದು

ಕೋನ್‌ಗಳನ್ನು ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ಅದ್ದಿ, ಬ್ರಷ್ಷಿನಿಂದ ಹಳೆಯ ಗ್ರೀಸ್ ಸಂಪೂರ್ಣ ಹೋಗುವವರೆಗೆ ತೊಳೆಯಿರಿ. ಪೆಟ್ರೋಲ್ ಬೇಡ, ಬೆಂಕಿಯ ಅಪಾಯ ದೊಡ್ಡದು. ಒಣಗಿಸಲು ಕಂಪ್ರೆಸರ್ ಗಾಳಿ ಬಿಟ್ಟು ಬೇರಿಂಗನ್ನು ಗಿರ್ರೆಂದು ತಿರುಗಿಸುವ ಅಭ್ಯಾಸ ಗ್ಯಾರೇಜುಗಳಲ್ಲಿದೆ. ಗ್ರೀಸ್ ಇಲ್ಲದ ರೋಲರ್‌ಗಳು ಆ ವೇಗದಲ್ಲಿ ಗೀಚಿಕೊಳ್ಳುತ್ತವೆ, ಅವುಗಳನ್ನು ಹಿಡಿದಿಡುವ ಪಂಜರ ಒಡೆದು ರೋಲರ್ ಮುಖಕ್ಕೆ ಸಿಡಿದರೆ ಕಣ್ಣೇ ಹೋಗಬಹುದು. ನೂಲು ಬಿಡದ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಒಣಗಲು ಬಿಡಿ.

ಆಮೇಲೆ ಕೋನನ್ನು ಬಿಸಿಲಿಗೆ ಹಿಡಿದು ರೋಲರ್‌ಗಳನ್ನು ಒಂದೊಂದಾಗಿ ಬೆರಳಿನಿಂದ ಹೊರಳಿಸಿ ನೋಡಬೇಕು. ಈ ಕೆಲಸಕ್ಕೆ ಅವಸರ ಮಾಡಬಾರದು. ಒಳ್ಳೆಯ ರೋಲರಿನ ಮೈ ಬೂದುಬೆಳ್ಳಿಯ ಬಣ್ಣದಲ್ಲಿ ಒಂದೇ ಸಮನಾಗಿರುತ್ತದೆ, ಬೆಳಕು ಅದರ ಉದ್ದಕ್ಕೂ ಮುರಿಯದ ಗೆರೆಯಾಗಿ ಹರಿಯುತ್ತದೆ. ಆ ಗೆರೆ ಎಲ್ಲಾದರೂ ತುಂಡಾದರೆ ಅಲ್ಲಿ ಉಗುರನ್ನು ಆಡಿಸಿ. ಉಗುರಿಗೆ ಸಿಕ್ಕುವ ಗುಳಿ ಎಂದರೆ ಉಕ್ಕಿನ ಮೈಯಿಂದ ಚಕ್ಕೆ ಎದ್ದಿದೆ ಎಂದರ್ಥ, ಆ ಬೇರಿಂಗ್ ಎಷ್ಟೇ ಗ್ರೀಸ್ ಹಾಕಿದರೂ ಬದುಕುವುದಿಲ್ಲ. ಕಪ್ಪಿನ ಮೈಮೇಲೆ ರೋಲರ್‌ಗಳ ಅಂತರದಲ್ಲೇ ಸಾಲಾಗಿ ಕಪ್ಪು ಗೆರೆಗಳು ಬಿದ್ದಿದ್ದರೆ ನೀರು ಸೇರಿದ ಗಾಡಿ ಬಹಳ ದಿನ ಒಂದೇ ಕಡೆ ನಿಂತಿತ್ತು ಎಂದು ತಿಳಿಯಬೇಕು. ಅದೇ ಅಂತರದಲ್ಲಿ ಸಣ್ಣ ತಗ್ಗುಗಳು ಬಿದ್ದಿದ್ದರೆ ಅದು ಗಾಲಿ ರಸ್ತೆಯ ಗುಂಡಿಗೆ ಬಿದ್ದಾಗ ಆದ ಪೆಟ್ಟು. ನೀಲಿಯೋ ಕಂದೋ ಬಣ್ಣ ತಿರುಗಿದ್ದರೆ ಗ್ರೀಸಿಲ್ಲದೆ ಅಥವಾ ಅತಿ ಬಿಗಿಯಿಂದ ಕಾದಿದೆ. ಉಕ್ಕಿನ ಗಡಸುತನ ಹೋಗಿರುವುದರಿಂದ ನೋಡಲು ನುಣುಪಾಗಿದ್ದರೂ ಬದಲಿಸಬೇಕು. ತೊಳೆದ ಎಣ್ಣೆಯ ತಳವನ್ನೂ ನೋಡಿ. ಮರಳು ಕಂಡರೆ ಸೀಲು ಸೋತಿದೆ, ಮಿನುಗುವ ಲೋಹದ ಪುಡಿ ಕಂಡರೆ ಬೇರಿಂಗೇ ಸವೆಯುತ್ತಿದೆ. ಹಳೆಯ ಗ್ರೀಸ್ ಹಾಲು ಬೆರೆಸಿದಂತೆ ಬಿಳುಪಾಗಿದ್ದರೆ ನೀರು ಸೇರಿದೆ.

ಬದಲಿಸುವುದಾದರೆ ಕಪ್ ಮತ್ತು ಕೋನ್ ಎರಡನ್ನೂ ಒಂದೇ ಪೆಟ್ಟಿಗೆಯಿಂದ ತೆಗೆದು ಜೋಡಿಯಾಗಿ ಬದಲಿಸಿ. ಹಳೆಯ ಕಪ್ಪಿಗೆ ಹೊಸ ಕೋನ್ ಹಾಕಿದರೆ ಹಳೆಯದರ ಗುಳಿಗಳು ಹೊಸದನ್ನು ಬೇಗ ತಿನ್ನುತ್ತವೆ. ಬೇರಿಂಗಿನ ಮೇಲೆ ಕೆತ್ತಿದ ಸಂಖ್ಯೆಯನ್ನು ಬರೆದುಕೊಂಡೇ ಅಂಗಡಿಗೆ ಹೋಗಿ. 30208, 32210, 32211 ಇಂಥ ಸಂಖ್ಯೆಗಳಲ್ಲಿ ಕೊನೆಯ ಎರಡು ಅಂಕಿಗಳನ್ನು ಐದರಿಂದ ಗುಣಿಸಿದರೆ ಒಳತೂತಿನ ಅಳತೆ ಮಿಲಿಮೀಟರಿನಲ್ಲಿ ಸಿಗುತ್ತದೆ: 08 ಎಂದರೆ 40, 10 ಎಂದರೆ 50, 11 ಎಂದರೆ 55. ಒಳತೂತು ಒಂದೇ ಇದ್ದ ಮಾತ್ರಕ್ಕೆ ಬೇರಿಂಗ್ ಒಂದೇ ಅಲ್ಲ. 30210 ಮತ್ತು 32210 ಎರಡಕ್ಕೂ ತೂತು 50 ಮಿಲಿಮೀಟರ್, ಆದರೆ ದಪ್ಪ ಬೇರೆ. ಪೂರ್ತಿ ಸಂಖ್ಯೆ ಹೊಂದಬೇಕು. ಎಸ್‌ಕೆಎಫ್, ಟಿಮ್ಕೆನ್, ಎನ್‌ಬಿಸಿ ಮೊದಲಾದ ಹೆಸರುಗಳಲ್ಲಿ ನಕಲಿ ಮಾಲೂ ಮಾರುಕಟ್ಟೆಯಲ್ಲಿ ಸಿಗುವುದರಿಂದ ಅಧಿಕೃತ ಮಾರಾಟಗಾರರಲ್ಲಿ ಬಿಲ್ಲಿನೊಂದಿಗೆ ಕೊಳ್ಳುವುದು ಕ್ಷೇಮ.

ಹಳೆಯ ಕಪ್ಪನ್ನು ಹಿತ್ತಾಳೆಯ ಅಥವಾ ಮೆದು ಕಬ್ಬಿಣದ ಸರಳಿನಿಂದ ಒಮ್ಮೆ ಈ ಬದಿ, ಒಮ್ಮೆ ಎದುರು ಬದಿ ಬಡಿದು ಹೊರತೆಗೆಯಬೇಕು. ಹೊಸ ಕಪ್ಪನ್ನು ಕೂರಿಸುವಾಗಲೂ ಅದೇ ಕ್ರಮ. ಸುತ್ತಲೂ ಸ್ವಲ್ಪ ಸ್ವಲ್ಪವೇ ಬಡಿಯುತ್ತ ಹೋದರೆ, ತಳಕ್ಕೆ ಮುಟ್ಟಿದ ಕ್ಷಣ ಟಣ್ ಎಂಬ ಸದ್ದು ದಪ್ಪವಾಗಿ ಬದಲಾಗುತ್ತದೆ. ತಳದಲ್ಲಿ ಕಾಗದ ತೂರುವಷ್ಟು ಸಂದು ಉಳಿದರೂ ಕಪ್ ಓರೆಯಾಗಿದೆ ಎಂದೇ ಲೆಕ್ಕ.

ಅಚ್ಚಿನ ತುದಿಯನ್ನೂ ಒರೆಸಿ ನೋಡಿ. ಕೋನ್ ಅದರ ಮೇಲೆ ಕೈಯಿಂದಲೇ ಜಾರಿ ಕೂರಬೇಕು, ಕೂತ ಮೇಲೆ ಲೊಡಲೊಡ ಎನ್ನಬಾರದು. ಸವೆದ ಅಚ್ಚಿನ ಮೇಲೆ ಪಂಚ್ ಹೊಡೆದು ಚುಕ್ಕೆ ಎಬ್ಬಿಸಿ ಬಿಗಿ ಮಾಡುವ ರೂಢಿ ಹಲವೆಡೆ ಇದೆ. ಆ ಚುಕ್ಕೆಗಳು ಕೆಲವೇ ಟ್ರಿಪ್ಪುಗಳಲ್ಲಿ ಸವೆದು ಮತ್ತೆ ಸಡಿಲವಾಗುತ್ತವೆ. ವೆಲ್ಡಿಂಗ್ ತುಂಬಿ ಲೇತಿನಲ್ಲಿ ತಿರುವುವುದೂ ಉಂಟು, ಆದರೆ ವೆಲ್ಡಿನ ಕಾವು ಬಿದ್ದ ಜಾಗದಲ್ಲಿ ಅಚ್ಚು ಬಿರುಕು ಬಿಡುವ ಸಾಧ್ಯತೆ ಇದ್ದೇ ಇರುತ್ತದೆ. ಹೊರೆ ಹೊರುವ ಟ್ರೇಲರಿಗೆ ಸವೆದ ಅಚ್ಚಿನ ತುದಿಯನ್ನು ಬದಲಿಸುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಗ್ರೀಸ್ ತುಂಬುವುದು

ಲಿಥಿಯಂ ಆಧಾರಿತ, ಎನ್‌ಎಲ್‌ಜಿಐ (ಗ್ರೀಸಿನ ಗಟ್ಟಿತನದ ಅಳತೆ) 2 ಅಥವಾ 3ನೇ ದರ್ಜೆಯ ಗ್ರೀಸ್ ಬಳಸಿ. ನಮ್ಮ ಅಂಗಡಿಗಳಲ್ಲಿ ಎಪಿ 3, ಎಂಪಿ 3 ಎಂದು ಕೇಳಿದರೆ ಸಿಗುವುದು ಇದೇ. ಪಿನ್ನು, ಪಟ್ಟಿಗಳಿಗೆ ಹಾಕುವ ಅಗ್ಗದ ಕ್ಯಾಲ್ಸಿಯಂ ಚಾಸಿ ಗ್ರೀಸ್ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗಿ ಹರಿಯುತ್ತದೆ, ಗಾಲಿಯ ಬೇರಿಂಗಿಗೆ ಅದು ಸಲ್ಲದು. ಎರಡು ಬಗೆಯ ಗ್ರೀಸನ್ನು ಬೆರೆಸಿದರೆ ಎರಡೂ ತಮ್ಮ ಗಟ್ಟಿತನ ಕಳೆದುಕೊಂಡು ನೀರಾಗುವುದುಂಟು, ಹಾಗಾಗಿ ಹಳೆಯದನ್ನು ಪೂರ್ತಿ ತೊಳೆದ ಮೇಲೆಯೇ ಹೊಸದು.

ಎಡ ಅಂಗೈಯಲ್ಲಿ ನಿಂಬೆಹಣ್ಣಿನಷ್ಟು ಗ್ರೀಸ್ ಇಟ್ಟುಕೊಂಡು, ಬಲಗೈಯಲ್ಲಿ ಕೋನನ್ನು ಹಿಡಿದು, ಅದರ ಅಗಲ ಬದಿಯ ಅಂಚನ್ನು ಗ್ರೀಸಿಗೆ ಒತ್ತಿ ಒತ್ತಿ ಎಳೆಯಬೇಕು. ಮೊದಲ ಕೆಲವು ಒತ್ತುಗಳಲ್ಲಿ ಏನೂ ಆಗದಂತೆ ತೋರುತ್ತದೆ. ಒತ್ತುತ್ತ ಹೋದರೆ ರೋಲರ್‌ಗಳ ಸಂದಿನಿಂದ, ಕಿರಿದು ಬದಿಯ ಕಡೆಗೆ ಗ್ರೀಸ್ ಎಳೆಗಳಾಗಿ ಹೊರಬರುತ್ತದೆ. ಹಾಗೆ ಬಂದಾಗಲೇ ಆ ಭಾಗ ತುಂಬಿತು ಎಂದರ್ಥ. ಕೋನನ್ನು ಸ್ವಲ್ಪ ತಿರುಗಿಸಿ ಮುಂದಿನ ಭಾಗಕ್ಕೆ ಹೋಗಿ. ಒಂದು ಸುತ್ತು ಮುಗಿದ ಮೇಲೆ ರೋಲರ್‌ಗಳ ಹೊರಮೈಗೂ ಕಪ್ಪುಗಳ ಒಳಮೈಗೂ ತೆಳುವಾಗಿ ಸವರಿ. ಹಬ್ಬಿನ ನಡುವಿನ ಪೊಳ್ಳನ್ನು ಗ್ರೀಸಿನಿಂದ ಗಿಡಿಯಬಾರದು. ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಸಾಕು, ಅದಕ್ಕಿಂತ ಹೆಚ್ಚಾದರೆ ಬಿಸಿಗೆ ಹಿಗ್ಗಿ ಸೀಲನ್ನು ತಳ್ಳುತ್ತದೆ. ಕೈಯೂ ಡಬ್ಬಿಯೂ ಶುಚಿಯಾಗಿರಲಿ. ಬಾಯಿ ತೆರೆದು ಕಣದಲ್ಲಿ ಬಿದ್ದಿದ್ದ ಗ್ರೀಸಿನಲ್ಲಿ ಧೂಳಿರುತ್ತದೆ, ಅದು ಬೇರಿಂಗನ್ನು ಅರೆಯುತ್ತದೆ.

ಒಳಗಿನ ಕೋನನ್ನು ಇಟ್ಟು, ಹೊಸ ಸೀಲನ್ನು ಅದರ ಸ್ಪ್ರಿಂಗ್ ಇರುವ ಮುಖ ಗ್ರೀಸಿನ ಕಡೆಗೆ ಬರುವಂತೆ ಹಿಡಿದು, ಮೇಲೆ ಚಪ್ಪಟೆ ಹಲಗೆಯ ತುಂಡನ್ನಿಟ್ಟು ಸಮನಾಗಿ ಬಡಿದು ಕೂರಿಸಿ. ಸೀಲಿನ ತುಟಿಗೆ ಸ್ವಲ್ಪ ಗ್ರೀಸ್ ಸವರಿದರೆ ಮೊದಲ ಸುತ್ತುಗಳಲ್ಲಿ ಅದು ಒಣಗಿ ಉರಿಯುವುದಿಲ್ಲ. ಟ್ರೇಲರಿಗೆ ಬ್ರೇಕ್ ಇದ್ದರೆ ಡ್ರಮ್ಮಿನ ಒಳಮೈಗೂ ಲೈನಿಂಗಿಗೂ ಗ್ರೀಸ್ ತಾಗಬಾರದು.

ನಟ್ಟಿನ ಬಿಗಿ

ಅನುಭವಿಗಳೂ ಎಡವುವುದು ಇಲ್ಲಿ. ದೊಡ್ಡ ಸ್ಪ್ಯಾನರಿಗೆ ಪೈಪು ಸೇರಿಸಿ ನಟ್ಟನ್ನು ಇಡೀ ಬಲದಿಂದ ಬಿಗಿದರೆ ಗಾಲಿ ಗಟ್ಟಿಯಾಗಿ ಕೂತಂತೆ ಕಾಣುತ್ತದೆ, ಆದರೆ ಟೇಪರ್ ಬೇರಿಂಗಿನಲ್ಲಿ ಆ ಬಿಗಿ ನೇರವಾಗಿ ರೋಲರ್‌ಗಳ ಮೇಲೆ ಬೀಳುತ್ತದೆ. ಅವು ಕಾಯುತ್ತವೆ, ಗ್ರೀಸ್ ಕರಗುತ್ತದೆ, ಸ್ವಲ್ಪ ದೂರದಲ್ಲೇ ಗಾಲಿ ಜಾಮ್ ಆಗುತ್ತದೆ. ಸರಿಯಾದ ಕ್ರಮ ಹೀಗಿದೆ. ಹಬ್ಬನ್ನು ಒಂದು ಕೈಯಿಂದ ತಿರುಗಿಸುತ್ತಲೇ ಇನ್ನೊಂದು ಕೈಯಿಂದ ನಟ್ಟನ್ನು ಸ್ಪ್ಯಾನರಿನಲ್ಲಿ ಬಿಗಿಯುತ್ತ ಹೋಗಿ, ಹಬ್ ತಿರುಗಲು ಸ್ಪಷ್ಟವಾಗಿ ತಡೆಯುವ ಹಂತದಲ್ಲಿ ನಿಲ್ಲಿಸಿ. ಇದರಿಂದ ರೋಲರ್‌ಗಳು ತಮ್ಮ ಜಾಗದಲ್ಲಿ ಕೂರುತ್ತವೆ. ಈಗ ನಟ್ಟನ್ನು ಪೂರ್ತಿ ಸಡಿಲಿಸಿ, ಸ್ಪ್ಯಾನರನ್ನು ಕೆಳಗಿಟ್ಟು, ಬರಿಗೈಯಿಂದ ಎಷ್ಟು ಬರುತ್ತದೋ ಅಷ್ಟು ಬಿಗಿಯಿರಿ. ಪಿನ್ನಿನ ತೂತು ನಟ್ಟಿನ ಸೀಳಿಗೆ ಎದುರಾಗಿ ಬರದಿದ್ದರೆ ಮುಂದಕ್ಕೆ ಬಿಗಿಯದೆ ಹಿಂದಕ್ಕೆ ಸಡಿಲಿಸಿ ಹತ್ತಿರದ ಸೀಳಿಗೆ ಹೊಂದಿಸಿ. ಡಯಲ್ ಗೇಜ್ ಇರುವ ಗ್ಯಾರೇಜಿನಲ್ಲಿ ಅಳೆಸಿದರೆ ಹಬ್ಬಿನ ಆಟ 0.025ರಿಂದ 0.125 ಮಿಲಿಮೀಟರಿನೊಳಗೆ ಇರಬೇಕು.

ಸ್ಪ್ಲಿಟ್ ಪಿನ್ ಪ್ರತಿ ಸಲವೂ ಹೊಸದೇ ಆಗಿರಲಿ, ಅಳತೆಗೆ ಸರಿಯಾದದ್ದೇ ಆಗಿರಲಿ. ಅದರ ಬದಲು ಮೊಳೆ ಅಥವಾ ಬೇಲಿಯ ತಂತಿ ತೂರಿಸಿದ ಗಾಲಿಗಳನ್ನು ರಸ್ತೆಯಲ್ಲಿ ನೋಡುತ್ತೇವೆ. ಆ ಮೊಳೆ ತುಂಡಾದರೆ ನಟ್ಟು ತಿರುಗಿ ಬಿಚ್ಚಿಕೊಳ್ಳುತ್ತದೆ, ಇಡೀ ಗಾಲಿ ಹಬ್ಬಿನ ಸಮೇತ ಹೊರಬಂದು ಎದುರಿನಿಂದ ಬೈಕಿನಲ್ಲಿ ಬರುವವರ ಮೇಲೆ ಹೋಗುತ್ತದೆ.

ಗಾಲಿ ಹಾಕಿದ ಮೇಲೆ ವೀಲ್ ನಟ್ಟುಗಳನ್ನು ಸುತ್ತಿನ ಕ್ರಮದಲ್ಲಿ ಬಿಗಿಯದೆ ಎದುರೆದುರು ಬಿಗಿಯಿರಿ. ಮೊದಲ ಹೊರೆಯ ಟ್ರಿಪ್ಪು ಮುಗಿದ ಮೇಲೆ, ಅಂದರೆ 50 ರಿಂದ 80 ಕಿಲೋಮೀಟರಿನೊಳಗೆ, ಅವನ್ನು ಮತ್ತೊಮ್ಮೆ ಬಿಗಿದು, ಹಬ್ಬಿನ ಆಟವನ್ನೂ ಪರೀಕ್ಷಿಸಿ. ಹೊಸ ಕಪ್ಪು ಹಾಕಿದ್ದರೆ ಈ ಮರುಪರೀಕ್ಷೆಯನ್ನು ಬಿಡಲೇಬಾರದು.

ದಾರಿಗೆ ಒಯ್ಯಬೇಕಾದದ್ದು

ಟ್ರ್ಯಾಕ್ಟರಿನ ಟೂಲ್ ಬಾಕ್ಸಿನಲ್ಲಿ ಒಂದು ಗಾಲಿಗೆ ಸಾಕಾಗುವ ಪೂರ್ತಿ ಸೆಟ್ ಇರಬೇಕು: ಒಳಗಿನ ಮತ್ತು ಹೊರಗಿನ ಬೇರಿಂಗ್ ಕಪ್ಪಿನ ಸಮೇತ, ಎರಡು ಸೀಲು, ನಾಲ್ಕಾರು ಸ್ಪ್ಲಿಟ್ ಪಿನ್ನು, ಒಂದು ನಟ್ಟು ಮತ್ತು ವಾಷರ್, ಮುಚ್ಚಳವಿರುವ ಡಬ್ಬಿಯಲ್ಲಿ ಗ್ರೀಸ್, ಬಾಟಲಿಯಲ್ಲಿ ಸೀಮೆಎಣ್ಣೆ, ಬಟ್ಟೆ. ಹೊರೆ ತುಂಬಿದ ಟ್ರೇಲರನ್ನು ಎತ್ತಬಲ್ಲ ಹೈಡ್ರಾಲಿಕ್ ಜಾಕ್, ಅದರ ಕೆಳಗೆ ಹಾಕಲು ದಪ್ಪ ಹಲಗೆ, ಗಾಲಿಗೆ ಕೊಡುವ ಗುಂಡಿಗಳು, ಸುತ್ತಿಗೆ, ಹಿತ್ತಾಳೆ ಸರಳು, ಪಕ್ಕಡ, ಸ್ಪ್ಯಾನರ್‌ಗಳು. ಎರೆಮಣ್ಣಿನ ನಾಡಿನಲ್ಲಿ ಹಲಗೆ ಇಲ್ಲದ ಜಾಕ್ ನಿರುಪಯೋಗಿ, ಟ್ರೇಲರ್ ಏಳುವ ಬದಲು ಜಾಕೇ ಭೂಮಿಗೆ ಇಳಿಯುತ್ತದೆ.

ಇದಕ್ಕಿಂತ ಉತ್ತಮ ಉಪಾಯ ಒಂದಿದೆ, ಎರಡು ಮೂರು ಟ್ರೇಲರ್ ಇರುವವರು ತಪ್ಪದೆ ಮಾಡಬೇಕು. ನಿಮ್ಮ ಅಚ್ಚಿಗೆ ಹೊಂದುವ ಹೆಚ್ಚುವರಿ ಹಬ್ ಒಂದನ್ನು ಕೊಂಡು, ಮನೆಯಲ್ಲೇ ಬಿಡುವಾಗಿ ಎರಡೂ ಕಪ್ಪು ಕೂರಿಸಿ, ಒಳಗಿನ ಕೋನಿಗೆ ಗ್ರೀಸ್ ತುಂಬಿ, ಸೀಲು ಬಡಿದು, ಹೊರಗಿನ ಕೋನನ್ನೂ ಗ್ರೀಸ್ ತುಂಬಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೊತೆಗಿಡಿ. ರಸ್ತೆಬದಿಯ ಕತ್ತಲಲ್ಲಿ, ಧೂಳಿನಲ್ಲಿ ಕಪ್ ಬಡಿಯುವ ಕೆಲಸವೇ ಇಲ್ಲದೆ ಹಳೆಯ ಹಬ್ ತೆಗೆದು ಹೊಸದನ್ನು ಏರಿಸಿ ಹೊರಡಬಹುದು.

ಬೇರಿಂಗಿನ ಸಾಮಾನಿನಷ್ಟೇ ಅಗತ್ಯವಾದವು ಬೆಳಕು ಮತ್ತು ಎಚ್ಚರಿಕೆಯ ಸಾಮಾನು: ತಲೆಗೆ ಕಟ್ಟುವ ಟಾರ್ಚು, ಎರಡು ಪ್ರತಿಫಲಕ ತ್ರಿಕೋನ, ಪ್ರತಿಫಲಿಸುವ ಜಾಕೆಟ್, ಬೆಂಕಿ ನಂದಿಸುವ ಸಿಲಿಂಡರ್. ಕಬ್ಬಿನ ಜೊತೆ ಒಣ ರವದಿ (ಕಬ್ಬಿನ ಗರಿ) ಇರುತ್ತದೆ. ಕೆಂಪಗೆ ಕಾದ ಹಬ್ಬಿನಿಂದ ಗ್ರೀಸಿಗೆ ಬೆಂಕಿ ಹತ್ತಿ ಅದು ರವದಿಗೆ ತಾಗಿದರೆ ಇಡೀ ಹೊರೆ ಉರಿಯುತ್ತದೆ. ಹಿಂದಕ್ಕೆ ಚಾಚಿದ ಕಬ್ಬು ಟ್ರೇಲರಿನ ಹಿಂದಿನ ದೀಪಗಳನ್ನೂ ಪ್ರತಿಫಲಕಗಳನ್ನೂ ಮುಚ್ಚಿಬಿಡುವುದರಿಂದ, ಹೊರೆ ತುಂಬಿದ ಮೇಲೆ ಹಿಂದೆ ನಿಂತು ನೋಡಿ, ಕಾಣದಿದ್ದರೆ ಕಬ್ಬಿನ ತುದಿಗೇ ಪ್ರತಿಫಲಕವನ್ನು ಕಟ್ಟಿ.

ಓಡುವಾಗ ಮತ್ತು ನಿಂತಾಗ

ಹಾಳಾಗುವ ಬೇರಿಂಗ್ ಮೊದಲೇ ಸದ್ದು ಮಾಡುತ್ತದೆ, ಆದರೆ ಟ್ರ್ಯಾಕ್ಟರಿನ ಸೀಟಿನಲ್ಲಿ ಎಂಜಿನ್ನಿನ ಸದ್ದಿಗೆ ಅದು ಕೇಳುವುದಿಲ್ಲ. ದೊಡ್ಡ ಸ್ಪೀಕರಿನಲ್ಲಿ ಹಾಡು ಹಾಕಿಕೊಂಡು ಹೋಗುವ ಚಾಲಕನಿಗಂತೂ ಕೇಳುವ ಸಾಧ್ಯತೆಯೇ ಇಲ್ಲ, ಹಿಂದಿನಿಂದ ಹಾರ್ನ್ ಹೊಡೆದು ಎಚ್ಚರಿಸುವವರದ್ದೂ ಕೇಳುವುದಿಲ್ಲ. ಆದ್ದರಿಂದ ಹೊರೆ ತುಂಬಿ ಹೊರಟ ಎಂಟು ಹತ್ತು ಕಿಲೋಮೀಟರಿಗೆ ಒಮ್ಮೆ, ಆಮೇಲೆ ಗಂಟೆಗೊಮ್ಮೆ ನಿಲ್ಲಿಸಿ ಎಲ್ಲ ಹಬ್ಬುಗಳಿಗೂ ಕೈ ತೋರಿಸಿ. ಮೊದಲು ಮುಟ್ಟದೆ ಮುಂಗೈಯನ್ನು ಹತ್ತಿರ ತನ್ನಿ, ಸುಡದಿದ್ದರೆ ಮಾತ್ರ ಮುಟ್ಟಿ. ಎರಡು ಮೂರು ಸೆಕೆಂಡು ಕೈ ಇಡಲಾಗದಿದ್ದರೆ ಅದು ಸುಮಾರು 60 ಡಿಗ್ರಿ ದಾಟಿದೆ. ಉಳಿದ ಗಾಲಿಗಳು ಬೆಚ್ಚಗಿದ್ದು ಒಂದು ಮಾತ್ರ ಸುಡುತ್ತಿದ್ದರೆ ಸಂಶಯಕ್ಕೆ ಜಾಗವಿಲ್ಲ. ಬ್ರೇಕ್ ಹಿಡಿದುಕೊಂಡಿದ್ದರೂ ಹಬ್ ಬಿಸಿಯಾಗುತ್ತದೆ, ಅದನ್ನೂ ನೋಡಿ. ಹಬ್ಬಿನ ಹಿಂದೆ ಟೈರಿನ ಒಳಮೈಗೆ ಗ್ರೀಸ್ ಚಿಮ್ಮಿದ್ದರೆ ಸೀಲು ಒಡೆದಿದೆ.

ಗಾಲಿ ಸದ್ದು ಮಾಡುತ್ತಿದೆ, ಕಾರ್ಖಾನೆ ಇನ್ನು ಐದೇ ಕಿಲೋಮೀಟರ್, ಹೇಗೋ ಮುಟ್ಟಿಸಿಬಿಡೋಣ ಎಂಬ ಯೋಚನೆ ಆ ಹೊತ್ತಿನಲ್ಲಿ ಎಲ್ಲರಿಗೂ ಬರುತ್ತದೆ. ಸದ್ದು ಬಂದಾಗ ನಿಂತರೆ ಹೋಗುವುದು ಒಂದು ಬೇರಿಂಗ್ ಮಾತ್ರ. ಮುಂದೆ ಓಡಿಸಿದರೆ ಕೋನ್ ಅಚ್ಚಿಗೆ ಕಚ್ಚಿಕೊಂಡು ಅಚ್ಚು ಹೋಗುತ್ತದೆ, ಹಬ್ ಹೋಗುತ್ತದೆ, ಗಾಲಿಯೂ ಕಳಚಬಹುದು.

ನಿಲ್ಲಿಸುವಾಗ ತಿರುವು, ಸೇತುವೆ, ಇಳಿಜಾರು ಬಿಟ್ಟು, ಸಾಧ್ಯವಾದಷ್ಟೂ ರಸ್ತೆಯಿಂದ ಕೆಳಗೆ, ಗಟ್ಟಿ ನೆಲದ ಮೇಲೆ ನಿಲ್ಲಿಸಿ. ಗಾಡಿಯನ್ನು ಇತರರಿಗೆ ಅಪಾಯವಾಗುವಂತೆ ರಸ್ತೆಯಲ್ಲಿ ಬಿಡುವುದು 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಮಿನ ಪ್ರಕಾರ ನಿಷಿದ್ಧ. ಗಾಲಿ ಬಿಚ್ಚುವ ಮೊದಲು ಮಾಡಬೇಕಾದ ಕೆಲಸ ತ್ರಿಕೋನಗಳನ್ನು ಹಿಂದೆ ಇಡುವುದು. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ; 50 ಮೀಟರ್ ಹಿಂದೆ ಇಟ್ಟ ತ್ರಿಕೋನ ಆ ಚಾಲಕನಿಗೆ ಎರಡು ಸೆಕೆಂಡಿನ ಎಚ್ಚರಿಕೆ ಮಾತ್ರ ಕೊಡುತ್ತದೆ. ಹಳ್ಳಿಯ ರಸ್ತೆಗೆ 50 ಮೀಟರ್ ಆದೀತು, ಹೆದ್ದಾರಿಯಲ್ಲಿ 100 ಮೀಟರಿಗೂ ಹಿಂದೆ ಒಂದು, ನಡುವೆ ಇನ್ನೊಂದು ಇಡಿ. ರಸ್ತೆಯ ಮೇಲೆ ಕಲ್ಲುಗಳನ್ನು ಸಾಲಾಗಿಟ್ಟು ಎಚ್ಚರಿಸುವ ರೂಢಿಯನ್ನು ದಯವಿಟ್ಟು ಬಿಡಿ. ರಾತ್ರಿ ಆ ಕಲ್ಲು ಕಾಣುವುದಿಲ್ಲ, ಗಾಡಿ ಹೊರಟ ಮೇಲೂ ಅಲ್ಲೇ ಉಳಿದು ಬೈಕ್ ಸವಾರರ ಪ್ರಾಣ ತೆಗೆಯುತ್ತದೆ. ಕೆಲಸ ಮಾಡದವರು, ಅದರಲ್ಲೂ ಕಬ್ಬು ಕಡಿಯುವ ಗ್ಯಾಂಗಿನ ಮಕ್ಕಳು ಮತ್ತು ಹೆಂಗಸರು, ಟ್ರೇಲರಿನ ಹಿಂದೆ ಅಥವಾ ನೆರಳಿನಲ್ಲಿ ಕೂರದೆ ರಸ್ತೆಯಿಂದ ದೂರ ಹೋಗಿ ಕೂರಬೇಕು.

ತುರ್ತು ನೆರವಿಗೆ 112, ಗಾಯಗಳಾಗಿದ್ದರೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಂತಿದ್ದರೆ 1033ಕ್ಕೆ ಕರೆ ಮಾಡಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ ಎಂಬುದನ್ನು ಮಂಡ್ಯ, ಮದ್ದೂರಿನ ಕಡೆಯವರು ನೆನಪಿಡಬೇಕು. ಸರ್ವಿಸ್ ರಸ್ತೆ ಕಿರಿದಾಗಿರುವುದರಿಂದ ಅಲ್ಲಿ ಕೆಟ್ಟು ನಿಂತರೆ ತ್ರಿಕೋನದ ಅಗತ್ಯ ಇನ್ನೂ ಹೆಚ್ಚು.

ಕಾದ ಹಬ್ಬಿಗೆ ನೀರು ಸುರಿಯಬೇಡಿ. ಆವಿ ಮುಖಕ್ಕೆ ಹೊಡೆಯುತ್ತದೆ, ಕಾದ ಉಕ್ಕು ಒಮ್ಮೆಲೇ ತಣಿದರೆ ಬಿರುಕು ಬಿಡುತ್ತದೆ. ತಾನಾಗಿ ಆರಲಿ. ಅಷ್ಟರಲ್ಲಿ ಹೊರೆಯ ನಿರ್ಧಾರ ಮಾಡಿ: ಎರಡು ಟ್ರೇಲರ್ ಎಳೆಯುತ್ತಿದ್ದರೆ ಇನ್ನೊಂದರ ಗಾಲಿಗಳಿಗೂ ಗುಂಡಿ ಕೊಡಿ, ಸಾಧ್ಯವಿದ್ದರೆ ಕೆಟ್ಟ ಗಾಲಿಯ ಬದಿಯ ಹೊರೆಯನ್ನು ಇಳಿಸಿ, ನೆಲ ಮೆದುವಾಗಿದ್ದರೆ ಅಥವಾ ಇಳಿಜಾರಾಗಿದ್ದರೆ ಇಳಿಸದೆ ಜಾಕ್ ಹಾಕಲೇಬೇಡಿ. ಹಬ್ ತೆಗೆದ ಮೇಲೆ ಅಚ್ಚು ನುಣುಪಾಗಿದ್ದರೆ ಬದಲಿ ಹಬ್ ಹಾಕಿ, ಮೇಲೆ ಹೇಳಿದಂತೆಯೇ ನಟ್ಟು ಹೊಂದಿಸಿ, ಐದು ಕಿಲೋಮೀಟರಿಗೆ ಒಮ್ಮೆ ಕೈ ಮುಟ್ಟಿ ನೋಡುತ್ತ ಹೋಗಿ. ಕೋನಿನ ಒಳಬಳೆ ಅಚ್ಚಿಗೆ ಕಚ್ಚಿಕೊಂಡಿದ್ದರೆ ಅದನ್ನು ಗ್ಯಾಸ್ ಕಟರಿನಿಂದ ಕತ್ತರಿಸಲು ಒಣ ಕಬ್ಬಿನ ಪಕ್ಕದಲ್ಲಿ ಯಾರಿಗೂ ಅವಕಾಶ ಕೊಡಬೇಡಿ. ಅಚ್ಚು ಸವೆದು ಗಾಡಿ ಬಿದ್ದಿದ್ದರೆ ಕಬ್ಬನ್ನು ಬೇರೆ ಟ್ರೇಲರಿಗೆ ಸಾಗಿಸಿ, ಖಾಲಿ ಗಾಡಿಯನ್ನು ಗ್ಯಾರೇಜಿಗೆ ಒಯ್ಯುವುದೊಂದೇ ದಾರಿ.

ಕೆಟ್ಟ ಬೇರಿಂಗನ್ನು ದಾರಿಯಲ್ಲಿ ಬಿಸಾಡದೆ ಮನೆಗೆ ತನ್ನಿ. ತೊಳೆದು ನೋಡಿದರೆ ತುಕ್ಕೋ, ನೀಲಿ ಬಣ್ಣವೋ, ಮರಳಿನ ಗೀರೋ ಕಾಣುತ್ತದೆ, ಕಾರಣ ತಿಳಿಯುತ್ತದೆ. ಅದೇ ಅಚ್ಚಿನ ಇನ್ನೊಂದು ಗಾಲಿಗೂ ಅದೇ ದಿನ, ಅದೇ ಡಬ್ಬಿಯ ಗ್ರೀಸ್ ಬಿದ್ದಿರುತ್ತದೆ, ಅದೂ ಅದೇ ಹಳ್ಳದಲ್ಲಿ ಮುಳುಗಿರುತ್ತದೆ. ಮುಂದಿನ ಹೊರೆ ತುಂಬುವ ಮೊದಲು ಆ ಗಾಲಿಯನ್ನೂ ಬಿಚ್ಚಿ, ಸೀಲು ಬದಲಿಸಿ, ಕೆಲಸ ಮಾಡಿದ ತಾರೀಕನ್ನೂ ಬೇರಿಂಗಿನ ಸಂಖ್ಯೆಯನ್ನೂ ಟ್ರೇಲರಿನ ಮುಂದಿನ ಹಲಗೆಯ ಒಳಬದಿಗೆ ಬಣ್ಣದಲ್ಲಿ ಬರೆದಿಡಿ.